ಶೀನನ ಕೈಯ ನಾಲ್ಕು ಅಕ್ಷರ

ಕುಶಲಾಳಿಗೆ ಓದಲು ಬರುತ್ತಿರಲಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಕ್ರಮವೂ ಅವಳಿಗಿರಲಿಲ್ಲ. ಹಾಗಿದ್ದವಳು ಗಂಡನ ಬಲಗೈಗೆ ಹಾಕಿಸಿದ ಹಚ್ಚೆಯ ನಾಲ್ಕು ಅಕ್ಷರಗಳು ಸರಿಯಾಗಿವೆಯೋ ಇಲ್ಲವೋ ಎಂದು ತಿಳಿಯಲು ಒಂದೇ ದಿನದಲ್ಲಿ ಮೂರು ಮಂದಿಯ ಬಳಿಗೆ ಅವನನ್ನು ಎಳೆದುಕೊಂಡು ಹೋದಳು. ಮೊದಲು ಅಂಚೆಯವನು, ಆಮೇಲೆ ಶಾಲೆಯ ಮಾಸ್ಟ್ರು, ಕೊನೆಗೆ ನಾನು.

ನನ್ನ ಹೆಸರು ಮನೋರಮಾ, ಊರು ಕಾರ್ಕಳ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಕಾಪುವಿನ ಒಬ್ಬ ಡಾಕ್ಟರ ಸಣ್ಣ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಡಾಕ್ಟರು ವಾರಕ್ಕೆ ಮೂರು ದಿನ ಬರುವವರು. ಉಳಿದ ದಿನ ಸೂಜಿ, ಪಟ್ಟಿ, ಬೈಗುಳ ಎಲ್ಲ ನನ್ನದೇ. ನನ್ನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಕುಶಲಾ ಮೀನು ಮಾರುವವಳು. ದಿನಾ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಬುಟ್ಟಿ ಇಳಿಸಿ, ನನ್ನಿಂದ ಎರಡು ಮಾತು ಬೈಸಿಕೊಂಡು ಮುಂದೆ ಹೋಗುತ್ತಿದ್ದಳು. ಅದು ನಮ್ಮ ಸ್ನೇಹ.

ಆವತ್ತು ಬುಟ್ಟಿ ಇರಲಿಲ್ಲ. ಆಟಿ ತಿಂಗಳ ಮಳೆ ಹುಯ್ಯುತ್ತಿತ್ತು. ಕೊಡೆಯ ಅಡಿಯಲ್ಲಿ ಗಂಡನ ಕೈಯನ್ನು ಮಾತ್ರ ಹಿಡಿದುಕೊಂಡು, ಗಂಡನನ್ನು ಮಳೆಗೇ ಬಿಟ್ಟು ಬಂದಿದ್ದಳು.

"ಎಂತ ಬರೆದಿದೆ ಓದಿ ನರ್ಸಮ್ಮ."

"ಬರೆಸಿದವಳು ನೀನು. ನಿನಗೆ ಗೊತ್ತಿಲ್ವಾ?"

"ಗೊತ್ತುಂಟು. ನೀವೊಮ್ಮೆ ಓದಿ."

"ಶೀನ, ಕಾಪು," ಎಂದು ಓದಿದೆ. ಅವಳು ಹೌದೆಂದು ತಲೆಯಾಡಿಸಿದಳು. ಮೂರು ಮಂದಿಯೂ ಒಂದೇ ಓದಿದ್ದರು, ಹಾಗಾದರೆ ಹಚ್ಚೆಯವನು ಮೋಸ ಮಾಡಿಲ್ಲ.

ನಾನು ಓದಿದ್ದು ಅಕ್ಷರ, ಆದರೆ ನೋಡಿದ್ದು ಗಾಯ. ಮಣಿಕಟ್ಟಿನ ಮೇಲಿಂದ ಮೊಣಕೈಯ ಕಡೆಗೆ ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟು ದಪ್ಪವಾಗಿ ಉಬ್ಬಿ ನಿಂತಿತ್ತು. ಸುತ್ತ ಕೆಂಪು. ಉಡುಪಿಯ ಪೇಟೆಯಲ್ಲಿ ಬ್ಯಾಟರಿ ಸೂಜಿ ಇಟ್ಟುಕೊಂಡು ಕೂತವನ ಕೆಲಸ. ಆ ಸೂಜಿಯನ್ನು ಎಂತದರಲ್ಲಿ ಒರೆಸಿದ ಎಂದು ಕೇಳಿದೆ. "ಒಂದು ಬಟ್ಟೆ ಇತ್ತು," ಎಂದ ಶೀನ. ಎಂಥ ಬಟ್ಟೆ ಎಂದರೆ, "ಬಟ್ಟೆಯ ಬಣ್ಣ ಕಾಣ್ತಿರಲಿಲ್ಲ ನರ್ಸಮ್ಮ," ಎಂದು ನಕ್ಕ. ಅವನು ಎಲ್ಲದಕ್ಕೂ ನಗುವ ಮನುಷ್ಯ. ನನಗೆ ಮೈಯೆಲ್ಲ ಉರಿಯಿತು. ಒಂದು ಧನುರ್ವಾಯುವಿನ ಇಂಜೆಕ್ಷನ್ ಚುಚ್ಚಿ, ಇಬ್ಬರನ್ನೂ ಕೂರಿಸಿ ಬೈದೆ.

ಹಚ್ಚೆಯವನು ಅವಳಿಗೆ ಪಾಠ ಹೇಳಿ ಕಳುಹಿಸಿದ್ದ. ಹದಿನೈದು ದಿನ ಉಪ್ಪುನೀರು ಸೋಕಬಾರದು. ಹಕ್ಕಳೆ ಕೀಳಬಾರದು. ತುರಿಸಿದರೆ ಮೆಲ್ಲ ತಟ್ಟಬೇಕೇ ಹೊರತು ಕೆರೆಯಬಾರದು. ಕುಶಲಾ ಅದನ್ನು ಮಗ್ಗಿಯ ಹಾಗೆ ಒಪ್ಪಿಸಿದಳು. ತೊಂದರೆ ಎಂದರೆ ನೂಲ ಹುಣ್ಣಿಮೆಗೆ ಉಳಿದದ್ದು ಹನ್ನೆರಡೇ ದಿನ. ಹುಣ್ಣಿಮೆಯ ದಿನ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿದರೆ ಮಳೆಗಾಲದ ರಜೆ ಮುಗಿಯಿತು, ದೋಣಿಗಳು ಇಳಿಯುತ್ತವೆ. ಆ ವರ್ಷ ಶೀನ ಮೊದಲ ಸಲ ಮಲ್ಪೆಯ ದೊಡ್ಡ ಬೋಟಿಗೆ ಹೋಗುವವನಿದ್ದ.

"ಕುದಿಸಿ ಆರಿಸಿದ ನೀರಲ್ಲಿ ದಿನಕ್ಕೆ ಎರಡು ಸಲ ತೊಳೆ. ಒರೆಸಿ ಒಣಗಿಸು. ಅದು ಬಿಟ್ಟರೆ ಬೇರೆ ಒಂದು ತೊಟ್ಟು ನೀರೂ ತಾಗಬಾರದು. ಮಳೆ ನೀರೂ ಅಷ್ಟೆ. ಒಂದು ತೊಟ್ಟು, ಕೇಳಿತಾ?" ಎಂದೆ. ಸಿಟ್ಟಿನಲ್ಲಿ ಕೊನೆಯ ಮಾತನ್ನು ಎರಡು ಸಲ ಹೇಳಿದೆ. ಯಾಕೆ ಹಾಗೆ ಹೇಳಿದೆನೋ ಎಂದು ಆಮೇಲೆ ಎಷ್ಟು ಸಲ ನನ್ನನ್ನೇ ಬೈದುಕೊಂಡಿದ್ದೇನೆ.

ಅವಳಿಗೆ ಈ ಹಚ್ಚೆಯ ಹುಚ್ಚು ಹಿಡಿದದ್ದಕ್ಕೆ ಕಾರಣ ಅವಳ ತಮ್ಮ ದೇವದಾಸ.

ಅಲ್ಲಿಯ ತನಕ ಅವರ ಮನೆಯ ಗಂಡಸರೆಲ್ಲ ರಂಪಣಿಯವರು. ರಂಪಣಿ ಎಂದರೆ ದಡದ ಹತ್ತಿರವೇ ಹರಡುವ ಉದ್ದದ ಬಲೆ. ನೂರು ಜನ ಮರಳಿನಲ್ಲಿ ನಿಂತು ಎಳೆಯಬೇಕು. ಗಂಡ ಕಡಲಿಗೆ ಹೋದ ಎಂದರೂ ಹೆಂಗಸರಿಗೆ ಅಂಗಳದಿಂದ ಅವನ ಬೆನ್ನು ಕಾಣುತ್ತಿತ್ತು. ಆಮೇಲೆ ಇಂಜಿನಿನ ದೊಡ್ಡ ಬೋಟುಗಳು ಬಂದವು, ಮೀನನ್ನು ಆಚೆಯೇ ಬಳಿದುಕೊಂಡವು, ರಂಪಣಿಯವರ ಬಲೆಗೆ ನೊರೆ ಮಾತ್ರ ಉಳಿಯಿತು. ಒಬ್ಬೊಬ್ಬರಾಗಿ ಎಲ್ಲರೂ ಅದೇ ಬೋಟುಗಳಿಗೆ ಆಳಾಗಿ ಹೋದರು. ದೇವದಾಸ ಮೊದಲು ಹೋದ. ಎಪ್ಪತ್ತೇಳರ ಕೊನೆಗೆ ಅವನಿದ್ದ ಬೋಟು ಮಗುಚಿತು. ಅವನು ಸಿಗಲಿಲ್ಲ.

ಎರಡು ತಿಂಗಳಾದ ಮೇಲೆ ಬೀರಾನ್ ಒಂದು ಸುದ್ದಿ ತಂದ. ಬೀರಾನ್ ನಮ್ಮೂರ ಬ್ಯಾರಿ ಮುಸ್ಲಿಮ, ಮಂಜುಗಡ್ಡೆ ಹಾಕಿದ ಮೀನಿನ ಲಾರಿಯಲ್ಲಿ ಬಡಗು ದಿಕ್ಕಿನ ಊರುಗಳಿಗೆಲ್ಲ ಹೋಗಿ ಬರುವವನು. ಭಟ್ಕಳದ ಆಚೆ ಒಂದು ಕಡಲ ಕರೆಯಲ್ಲಿ, ಬೋಟು ಮಗುಚಿದ ವಾರ, ಹೆಣಗಳು ದಡಕ್ಕೆ ಬಂದು ಬಿದ್ದಿದ್ದವಂತೆ, ಊರವರೇ ಮರ್ಯಾದೆಯಿಂದ ಮಣ್ಣು ಮಾಡಿದರಂತೆ, ಒಂದರ ಮೇಲೆ ನೀಲಿ ಚೌಕುಳಿಯ ಲುಂಗಿ ಇತ್ತಂತೆ. ನೀಲಿ ಚೌಕುಳಿಯ ಲುಂಗಿ ಉಡದ ಗಂಡಸು ಈ ಕರಾವಳಿಯಲ್ಲಿ ಯಾರಿದ್ದಾರೆ? ಆದರೂ ಕುಶಲಾ ಬಸ್ಸು ಹತ್ತಿ ಹೋದಳು. ಅಲ್ಲಿ ಮರಳಿನ ಮೇಲೆ ಮೂರು ಗುಡ್ಡೆ ತೋರಿಸಿದರು. ಮೂರರಲ್ಲಿ ಯಾವುದು ಎಂದು ಹೇಳುವವರಿಲ್ಲ. ಮೂರಕ್ಕೂ ಎಳನೀರು ಎರೆದು ಬಂದಳು.

"ಅಳಲಿಕ್ಕೇ ಆಗಲಿಲ್ಲ ನರ್ಸಮ್ಮ," ಎಂದು ಒಮ್ಮೆ ನನಗೆ ಹೇಳಿದ್ದಳು. "ಯಾವುದರ ಮುಂದೆ ಕೂತು ಅಳುವುದು? ತಪ್ಪಿ ಬೇರೆಯವರ ಮುಂದೆ ಅತ್ತರೆ ಅವನಿಗೆ ಬೇಸರ ಆಗುವುದಿಲ್ವಾ?"

ಅಂಥ ಮಾತಿಗೆ ಬಾಯಿ ಜೋರಿದ್ದು ಏನೂ ಪ್ರಯೋಜನವಿಲ್ಲ.

ಈಗ ಶೀನನೂ ಅಂಥದೇ ಬೋಟಿಗೆ ಹೊರಟ. ಬೇಡ ಎನ್ನುವ ಹಾಗಿಲ್ಲ, ಒಲೆ ಉರಿಯಬೇಕಲ್ಲ. ಹೋಗು ಎನ್ನುವ ಧೈರ್ಯವೂ ಇಲ್ಲ. ಅವಳು ಕಂಡುಕೊಂಡ ದಾರಿ ಎಂದರೆ ಗಂಡನ ಕೈ ಮೇಲೆ ಹೆಸರು, ಊರು ಬರೆಸುವುದು. ಮುಖ ಕೊಳೆತರೂ ತೊಗಲಿನ ಒಳಗಿನ ಅಕ್ಷರ ಉಳಿಯುತ್ತದೆ ಎಂದು ಯಾರೋ ಹೇಳಿದ್ದರು. ಶೀನ ಮೊದಲು ನಕ್ಕ. "ನನ್ನ ಹೆಸರು ನನಗೆ ಗೊತ್ತುಂಟಲ್ಲ ಮಾರಾಯ್ತಿ, ಕೈ ಮೇಲೆ ಯಾಕೆ?" ಎಂದ. ಆಮೇಲೆ ಆಟಿಯಂಥ ಅಶುಭ ತಿಂಗಳಲ್ಲಿ ಇಂಥ ಕೆಲಸಕ್ಕೆ ಕೈ ಹಾಕಬಾರದು, ಸಾವಿಗೆ ವಿಳಾಸ ಕೊಟ್ಟ ಹಾಗಾಗುತ್ತದೆ ಎಂದ. ಅವಳು ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಅವನೇ ಉಡುಪಿಯ ಬಸ್ಸು ಹತ್ತಿದ.

ಹಚ್ಚೆ ಹಾಕಿಸಿದ ಮೇಲೆ ಅವಳ ಕಳವಳ ಕಡಿಮೆಯಾಯಿತೆಂದು ತಿಳಿಯಬೇಡಿ. ಅಲ್ಲಿಯ ತನಕ ಕಡಲಿನ ಭಯ ಮಾತ್ರ ಇತ್ತು, ಈಗ ಗಾಯದ ಭಯವೂ ಸೇರಿತು. ಬೆಳಿಗ್ಗೆ ಎದ್ದು ಮೊದಲು ಆ ಕೈ ನೋಡುತ್ತಿದ್ದಳು. ಮಧ್ಯಾಹ್ನ ನನ್ನ ಹತ್ತಿರ ಬಂದು ವರದಿ ಒಪ್ಪಿಸುತ್ತಿದ್ದಳು. ನಿನ್ನೆ ಕೆಂಪಿತ್ತು, ಇವತ್ತು ಕಪ್ಪಾಗಿದೆ. ಎರಡನೇ ಅಕ್ಷರದಿಂದ ನೀರು ಬರುತ್ತದೆ. ಕೊನೆಯದರ ಮೇಲೆ ಹಕ್ಕಳೆ ಕಟ್ಟಿದೆ, ಅದರ ಅಡಿಯಲ್ಲಿ ಅಕ್ಷರ ಉಂಟೋ ಇಲ್ಲವೋ? "ಉಂಟು, ಎಲ್ಲಿಗೆ ಓಡಿ ಹೋಗ್ತದೆ?" ಎಂದು ನಾನು ಗದರುತ್ತಿದ್ದೆ. ಮನೆಯಲ್ಲಿ ಶೀನನಿಗೆ ಊಟವನ್ನೂ ಅವಳೇ ಕಲಸಿ ಕೊಟ್ಟು ಎಡಗೈಯಲ್ಲಿ ತಿನ್ನಿಸಿದಳಂತೆ. "ಬಾಣಂತಿಗೂ ಇಷ್ಟು ಆರೈಕೆ ಇಲ್ಲ ನರ್ಸಮ್ಮ," ಎಂದು ಅವನು ದೂರು ಹೇಳಿದ.

ಆದರೆ ಆಟಿಯ ಮಳೆಗೆ ಯಾವ ಮನೆ ಒಣಗಿರುತ್ತದೆ? ಅವರದು ಕಡಲ ಕರೆಯ, ತೆಂಗಿನ ಮಡಲು ಹೊದಿಸಿದ ಮನೆ. ಮಾಡು ಸೋರುತ್ತದೆ, ಗೋಡೆ ಬೆವರುತ್ತದೆ, ಗಾಳಿ ಬೀಸಿದರೆ ಉಪ್ಪಿನ ಹನಿ ಒಳಗೇ ಬರುತ್ತದೆ. ಒಂದು ತೊಟ್ಟೂ ತಾಗಬಾರದು ಎಂದು ನಾನು ಹೇಳಿಬಿಟ್ಟಿದ್ದೆ. ನಾಲ್ಕನೆಯ ದಿನ ಅವಳು ಒಂದು ಉಪಾಯ ಮಾಡಿದಳು, ನನಗೆ ಹೇಳಲಿಲ್ಲ.

ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎಳೆದು, ಮರಕ್ಕೆ ನೀರು ಹಿಡಿಯದಂತೆ, ಹುಳ ತಿನ್ನದಂತೆ ಎಣ್ಣೆ ಬಳಿಯುತ್ತಾರೆ. ಬೂತಾಯಿ ಮೀನಿನ ಎಣ್ಣೆ, ಕೆಲವರು ಅದಕ್ಕೆ ಸ್ವಲ್ಪ ಗೇರುಬೀಜದ ಸಿಪ್ಪೆಯ ಎಣ್ಣೆ ಬೆರೆಸುತ್ತಾರೆ. ಅದು ಹತ್ತಿದ ಹಲಗೆಯ ಮೇಲೆ ನೀರು ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಇಡೀ ಕಡಲನ್ನೇ ತಡೆಯುವ ಎಣ್ಣೆ ಒಂದು ಕೈಯನ್ನು ಕಾಯದೇ ಎಂದು ಅವಳ ಲೆಕ್ಕ. ಅವಳ ಅಪ್ಪ, ಅಜ್ಜ ಎಲ್ಲರೂ ನಂಬಿದ ಎಣ್ಣೆ. ಡಬ್ಬಿಯ ಮೇಲೆ ತಿಳಿಯಾಗಿ ನಿಂತದ್ದನ್ನು ಕೋಳಿ ಗರಿಯಲ್ಲಿ ಅದ್ದಿ, ನಾಲ್ಕು ಅಕ್ಷರದ ಮೇಲೂ ದಪ್ಪವಾಗಿ ಬಳಿದು, ಬಟ್ಟೆ ಸುತ್ತಿ, ಮತ್ತೆ ಬಿಚ್ಚದೆ ಬಿಟ್ಟಳು. ಗೇರೆಣ್ಣೆ ತಾಗಿದರೆ ತೊಗಲು ಸುಡುತ್ತದೆ ಎಂದು ಆ ಊರಿನ ಮಕ್ಕಳಿಗೂ ಗೊತ್ತು. ಆ ಡಬ್ಬಿಯ ಮೀನೆಣ್ಣೆಗೆ ಅದನ್ನು ಬೆರೆಸಿದ್ದಾರೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಗಣಪತಿ ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದ ಹಾಗಾಯಿತು.

ಉರಿ ಎದ್ದಾಗ ಶೀನ ಹೇಳಲಿಲ್ಲ. ಹೆಂಡತಿ ಬೇಸರ ಮಾಡಿಕೊಂಡಾಳು ಎಂದು ಹಲ್ಲು ಕಚ್ಚಿ ಕೂತನಂತೆ. ಏಳನೆಯ ದಿನ ಅವನು ನಮ್ಮ ಜಗಲಿಗೆ ಬಂದಾಗ ನಗುತ್ತಿರಲಿಲ್ಲ. ಬಟ್ಟೆ ಬಿಚ್ಚಿದೆ. ವಾಸನೆ ಮೊದಲು ಬಂತು. ಗುಳ್ಳೆಗಳು ಎದ್ದು ಒಡೆದು, ಅಕ್ಷರಗಳ ಮೇಲೆ ಕೀವು ನಿಂತಿತ್ತು. ಕೈ ಊದಿ ದಿಂಬಿನಂತಾಗಿತ್ತು. ಮೊಣಕೈಯನ್ನು ದಾಟಿ ಕಂಕುಳದ ಕಡೆಗೆ ಒಂದು ಕೆಂಪು ಗೆರೆ ಹೊರಟಿತ್ತು. ನಂಜು ರಕ್ತಕ್ಕೆ ಏರುವ ದಾರಿ ಅದು.

"ಎಂತ ಹಚ್ಚಿದ್ದು?" ಎಂದು ಕೇಳಿದೆ.

ಕುಶಲಾ ಹೇಳಿದಳು. ನಾನು ಬೈಯಲು ಬಾಯಿ ತೆರೆದೆ. "ನೀರು ತಾಗಬಾರದು ಅಂತ ನೀವೇ ಹೇಳಿದ್ದಲ್ವಾ," ಎಂದಳು. ದೂರಲ್ಲ ಅದು, ನಿಜವಾಗಿಯೇ ಕೇಳಿದ್ದು.

ಡಾಕ್ಟರಿಗೆ ಕಾಯುವ ದಿನ ಅದಲ್ಲ. ದವಾಖಾನೆಗೆ ಬೀಗ ಹಾಕಿ, ಅವರ ಜೊತೆ ನಾನೇ ಉಡುಪಿಯ ಬಸ್ಸು ಹತ್ತಿದೆ. ಅಲ್ಲಿಂದ ಮಣಿಪಾಲದ ದೊಡ್ಡಾಸ್ಪತ್ರೆಗೆ. ಬಸ್ಸಿನಲ್ಲಿ ಅವನ ಮೈ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಕುಶಲಾ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬಸ್ಸು ಕುಲುಕಿದಾಗಲೆಲ್ಲ ಎತ್ತಿ ಹಿಡಿಯುತ್ತಿದ್ದಳು. ದಾರಿಯುದ್ದಕ್ಕೂ ಒಂದೇ ಮಾತು ಕೇಳಿದಳು: "ಕೈ ತೆಗೀತಾರಾ?"

ಅಲ್ಲಿ ಒಬ್ಬ ಎಳೆಯ ಡಾಕ್ಟರು, ಯಾವುದೋ ದೂರದ ಊರಿನವರು, ಕೈ ನೋಡಿ ಮುಖ ಗಂಟು ಹಾಕಿದರು. ಗಾಯ ತೊಳೆದರು, ಪೆನಿಸಿಲಿನ್ ಚುಚ್ಚಿದರು, ಕೈಯನ್ನು ಕಂಬಿಗೆ ಎತ್ತಿ ಕಟ್ಟಿದರು. ಆಮೇಲೆ ಜೇಬಿನಿಂದ ಬಾಲ್‌ಪೆನ್ ತೆಗೆದು ಕೆಂಪು ಎಲ್ಲಿಯ ತನಕ ಏರಿದೆಯೋ ಅಲ್ಲಿ ತೋಳಿನ ಸುತ್ತ ಒಂದು ನೀಲಿ ಗೆರೆ ಎಳೆದರು. ತಮ್ಮ ಅರ್ಧಂಬರ್ಧ ಕನ್ನಡದಲ್ಲಿ ಕುಶಲಾಳಿಗೆ, "ಅಮ್ಮಾ, ಕೆಂಪು ಈ ಗೆರೆ ದಾಟಿದರೆ ನನಗೆ ಹೇಳಿ," ಎಂದರು. ನನ್ನನ್ನು ಆಚೆ ಕರೆದು, ದಾಟುತ್ತ ಹೋದರೆ ಕೊಯ್ಯಬೇಕಾಗುತ್ತದೆ, ಎಷ್ಟು ಎಂದು ಈಗ ಹೇಳಲಾಗದು ಎಂದರು. ನಾನು ಅದನ್ನು ಅವಳಿಗೆ ಹೇಳಲಿಲ್ಲ. ಅವಳು ನನ್ನ ಮುಖದಲ್ಲೇ ಓದಿದಳು. ಅಕ್ಷರ ಬಾರದಿದ್ದರೂ ಮುಖ ಓದಲು ಬರುತ್ತಿತ್ತು.

ಅಲ್ಲಿಂದ ಅವಳು ಆ ಗೆರೆಯನ್ನು ಕಾಯುತ್ತ ಕೂತಳು. ಸ್ಟೂಲು ಎಳೆದುಕೊಂಡು, ಮಂಚದ ಪಕ್ಕ, ಗೆರೆಯ ಮಟ್ಟಕ್ಕೆ ಕಣ್ಣಿಟ್ಟು. ನೀರು ಕುಡಿಯಲು ಎದ್ದರೂ ಮೊದಲು ನನ್ನನ್ನು ಕೂರಿಸಿ ಎದ್ದಳು. ಉಗುರಿನ ಅಂಚನ್ನು ಗೆರೆಯ ಪಕ್ಕ ಇಟ್ಟು ಅಳೆಯುತ್ತಿದ್ದಳು. ಸಂಜೆಯಾಗುವಾಗ ಕೆಂಪು ಒಂದು ಉಗುರಿನಷ್ಟು ದಾಟಿತು. ಅವಳು ಕಿರುಚಲಿಲ್ಲ. ಎದ್ದು, ಬರಿಗಾಲಲ್ಲಿ ಓಡಿ, ವಾರ್ಡಿನ ಆ ಕೊನೆಯಿಂದ ಡಾಕ್ಟರ ಬಿಳಿ ಕೋಟಿನ ತೋಳು ಹಿಡಿದು ಎಳೆದುಕೊಂಡೇ ಬಂದಳು. ಅವರು ಔಷಧ ಬದಲಿಸಿ, ಹೊಸದೊಂದು ಗೆರೆ ಎಳೆದರು. ಮರುದಿನ ಕೆಂಪು ಆ ಗೆರೆಯ ಮೇಲೇ ನಿಂತಿತ್ತು, ಮುಂದೆಯೂ ಹೋಗದೆ, ಹಿಂದೆಯೂ ಸರಿಯದೆ. ಇಡೀ ದಿನ ಹಾಗೇ. ನಾನು ಎಷ್ಟೋ ಹೆರಿಗೆ ನೋಡಿದವಳು, ಕಾಯುವುದು ನನಗೆ ಹೊಸತಲ್ಲ. ಆದರೆ ಆ ದಿನದಷ್ಟು ಉದ್ದದ ದಿನ ನೋಡಿಲ್ಲ. ತಪ್ಪು ಅವಳದು ಅರ್ಧ, ನನ್ನದು ಅರ್ಧ, ಅನುಭವಿಸುವವನು ಶೀನ ಎಂಬುದು ನನ್ನನ್ನು ಒಳಗೇ ಕೊರೆಯುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಕುಶಲಾ ನನ್ನನ್ನು ಅಲುಗಿಸಿ ಎಬ್ಬಿಸಿದಳು. ನೀಲಿ ಗೆರೆಗೂ ಕೆಂಪಿಗೂ ನಡುವೆ ಒಂದು ಬೆರಳಿನಷ್ಟು ಅವನ ಸ್ವಂತ ಬಣ್ಣದ ತೊಗಲು ಕಾಣುತ್ತಿತ್ತು.

"ಹಿಂದೆ ಹೋಗಿದೆ ಅಲ್ವಾ? ನೀವೇ ಹೇಳಿ, ಹಿಂದೆ ಹೋಗಿದೆ ಅಲ್ವಾ?"

"ಹೋಗಿದೆ," ಎಂದೆ. ಅವಳು ಸ್ಟೂಲಿನಲ್ಲಿ ಕೂತಲ್ಲೇ ನಿದ್ದೆ ಹೋದಳು.

ಕೈ ಉಳಿಯಿತು, ಅಕ್ಷರ ಉಳಿಯಲಿಲ್ಲ. ಸತ್ತ ತೊಗಲನ್ನು ಆಸ್ಪತ್ರೆಯವರು ತೆಗೆದಾಗ ಅದರ ಜೊತೆ ಹೆಸರೂ ಊರೂ ಹೋದವು. ಮೊದಲ ಅಕ್ಷರದ ಒಂದು ತುಂಡು ಬಾಲ ಮಾತ್ರ ಮಣಿಕಟ್ಟಿನ ಹತ್ತಿರ ಉಳಿಯಿತು. ಶೀನನ ನಗು ವಾಪಸು ಬಂದಿತ್ತು. "ಈಗ ನಾನು ಯಾರು ಅಂತ ನನಗೇ ಸಂಶಯ," ಎಂದ. ಅವಳು ನಗಲಿಲ್ಲ. ಮನೆಗೆ ಬಂದ ಮೇಲೆ ಆರು ವಾರ ಆ ಗಾಯವನ್ನು ಕಾದಳು. ಈ ಸಲ ನಾನು ಹೇಳಿದ್ದು ಬಿಟ್ಟು ಬೇರೆ ಏನನ್ನೂ ಸೋಕಿಸಲಿಲ್ಲ. ಪಟ್ಟಿಯ ಬಟ್ಟೆಗಳನ್ನು ಕುದಿಸಿ, ಬಿಸಿಲಿಲ್ಲದ್ದಕ್ಕೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ ತರುತ್ತಿದ್ದಳು. ದಿನಾ ನಾನೇ ಪಟ್ಟಿ ಕಟ್ಟಿದೆ. ಹುಣ್ಣಿಮೆ ಬಂತು, ಹೋಯಿತು. ಬೋಟಿಗೆ ಬೇರೆ ಒಬ್ಬ ಹೋದ. ಶೀನ ಜಗಲಿಯಲ್ಲಿ ಕೂತು ಎಡಗೈಯಲ್ಲಿ ಬಲೆ ಹೆಣೆಯುವುದನ್ನು ಕಲಿಯುತ್ತಿದ್ದ.

ಗಾಯ ಮಾಗಿದಾಗ ಅಲ್ಲಿ ಎದ್ದದ್ದು ಹೊಳೆಯುವ, ಸುಕ್ಕುಸುಕ್ಕಾದ, ನಸುಗೆಂಪು ತೊಗಲು. "ಇನ್ನೊಮ್ಮೆ ಬರೆಸಬಹುದಾ ನರ್ಸಮ್ಮ? ಎಡಗೈಗೆ?" ಎಂದು ಕೇಳಿದಳು.

"ಬರೆಸು. ಈ ಸಲ ನಾನು ಬಸ್ಸು ಹತ್ತುವುದಿಲ್ಲ," ಎಂದೆ. ಅವಳು ಮತ್ತೆ ಕೇಳಲಿಲ್ಲ.

ನವರಾತ್ರಿ ಕಳೆದ ಮೇಲೆ ಅವನು ಬೋಟಿಗೆ ಹೋಗತೊಡಗಿದ. ಹೊರಡುವಾಗಲೆಲ್ಲ ಅವಳು ಆ ಕೈ ಹಿಡಿದು, ಮೀನು ತಾಜಾ ಉಂಟೋ ಎಂದು ಒತ್ತಿ ನೋಡುವ ಹಾಗೆ, ಹೆಬ್ಬೆರಳಿನಿಂದ ಮಣಿಕಟ್ಟಿನಿಂದ ಮೊಣಕೈಯ ತನಕ ಒಮ್ಮೆ ಸವರಿ ಬಿಡುತ್ತಿದ್ದಳು. ಆಮೇಲೆ ಬುಟ್ಟಿ ಹೊತ್ತು ನನ್ನ ಜಗಲಿಗೆ ಬಂದು, "ಹೋದರು," ಎನ್ನುತ್ತಿದ್ದಳು.

ದೀಪಾವಳಿ ಕಳೆದ ವಾರ ಗಾಳಿ ಎದ್ದಿತು. ಮಲ್ಪೆಯ ಬೋಟುಗಳು ಒಂದೊಂದಾಗಿ ಮರಳಿದವು. ಶೀನನದು ಬರಲಿಲ್ಲ. ಒಂದು ದಿನ, ಎರಡು ದಿನ. ಕುಶಲಾ ಮೀನಿಗೆ ಹೋಗಲಿಲ್ಲ. ನನ್ನ ಜಗಲಿಯ ಕಂಬಕ್ಕೆ ಒರಗಿ ಕೂತು, ತನ್ನ ಕೈಯನ್ನೇ ತಾನು ಸವರಿಕೊಳ್ಳುತ್ತಿದ್ದಳು. ಅಕ್ಷರ ಅಳಿಸಿದ್ದು ತಾನೇ, ತನ್ನ ಕೈಯಾರೆ, ಎಂದು ಮತ್ತೆ ಮತ್ತೆ ಹೇಳಿದಳು. "ಇನ್ನು ಎಲ್ಲಿ ಹೋಗಿ ಬಿದ್ದರೂ ಇವರನ್ನು ಓದುವವರಿಲ್ಲ."

ಮೂರನೆಯ ದಿನ ಬೆಳಿಗ್ಗೆ ಕಡಲ ಕರೆಯ ದೀಪಸ್ತಂಭದ ತೆಂಕು ದಿಕ್ಕಿಗೆ ಒಂದು ಹೆಣ ಬಂದು ಬಿದ್ದಿದೆ ಎಂದು ಕೂಗು ಬಂತು.

ಅವಳು ಓಡಲಿಲ್ಲ. ನಡೆದಳು. ನಾನು ಅವಳ ಮೊಣಕೈ ಹಿಡಿದುಕೊಂಡಿದ್ದೆ, ಯಾರಿಗೆ ಯಾರು ಆಸರೆಯೋ ಗೊತ್ತಿಲ್ಲ. ಮರಳಿನಲ್ಲಿ ಹತ್ತಾರು ಜನ ನಿಂತಿದ್ದರು, ನಮ್ಮನ್ನು ಕಂಡು ಸರಿದರು. ಶೀನನಷ್ಟೇ ಎತ್ತರ. ಶೀನನ ಹಾಗೆ ಅಗಲ ಭುಜ. ಮುಖದಲ್ಲಿ ಗುರುತಿಸುವಂಥದ್ದೇನೂ ಉಳಿದಿರಲಿಲ್ಲ. ನೀಲಿ ಚೌಕುಳಿಯ ಲುಂಗಿ. ಬಲಗೈ ಮೈಯ ಅಡಿಯಲ್ಲಿ ಸಿಕ್ಕಿಕೊಂಡಿತ್ತು.

ಕುಶಲಾ ಮಂಡಿಯೂರಿದಳು. ಆ ಕೈಯನ್ನು ಎಳೆದು ಹೊರಗೆ ತೆಗೆದು, ಮರಳು ಒರೆಸಿ, ಹೆಬ್ಬೆರಳನ್ನು ಮಣಿಕಟ್ಟಿನ ಮೇಲಿಟ್ಟು ಮೊಣಕೈಯ ತನಕ ಎಳೆದಳು. ಅವಳು ಇನ್ನೊಮ್ಮೆ ಎಳೆದಳು. ಎಲ್ಲಿಯೂ ಸುಕ್ಕಿಲ್ಲ, ಗಂಟಿಲ್ಲ, ಮಣಿಕಟ್ಟಿನಲ್ಲಿ ಅಕ್ಷರದ ಬಾಲವಿಲ್ಲ.

"ಶೀನ ಅಲ್ಲ," ಎಂದಳು. ಆಮೇಲೆ ದೊಡ್ಡದಾಗಿ, ಎಲ್ಲರಿಗೂ ಕೇಳುವಂತೆ, "ಇದು ಶೀನ ಅಲ್ಲ! ಶೀನ ಅಲ್ಲ ನರ್ಸಮ್ಮ!"

ಗಂಡನ ಹೆಸರು ಅವಳ ಬಾಯಿಂದ ಬಂದದ್ದು ನಾನು ಕೇಳಿದ್ದು ಅದೊಂದೇ ಸಲ. ಅವಳು ನಗುತ್ತಿದ್ದಳು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ, ಆ ಸತ್ತವನ ಎದುರಿಗೇ ಇಬ್ಬರು ಹೆಂಗಸರು ನಕ್ಕೆವು. ಆಮೇಲೆ ಅವಳ ನಗು ಒಮ್ಮೆಲೇ ನಿಂತಿತು. ಆ ಕೈ ಇನ್ನೂ ಅವಳ ಕೈಯಲ್ಲೇ ಇತ್ತು. ಅದನ್ನು ಮೆಲ್ಲ ಮರಳಿನ ಮೇಲಿಟ್ಟು, ಹೆಗಲ ಬಟ್ಟೆ ತೆಗೆದು ಅವನ ಮುಖಕ್ಕೆ ಹೊದಿಸಿದಳು.

ಪೊಲೀಸರು ಬಂದರು. ಗುರುತು ಸಿಗದ ಗಂಡಸು, ಸುಮಾರು ಮೂವತ್ತು ವಯಸ್ಸು ಎಂದು ಬರೆದುಕೊಂಡರು, ಅವರ ಕ್ರಮದಂತೆ ಆಗಬೇಕಾದದ್ದು ಆಯಿತು. ಊರವರು ಹೊಂಡ ತೋಡಲು ಹೊರಟಾಗ ಕುಶಲಾ ತಡೆದಳು.

"ಸ್ವಲ್ಪ ನಿಲ್ಲಿ. ನರ್ಸಮ್ಮ, ನಿಮ್ಮ ಹತ್ತಿರ ಪೆನ್ ಉಂಟಾ? ನಾನು ಹೇಳ್ತೇನೆ, ನೀವು ಬರೀರಿ."

ನನ್ನ ಚೀಲದಲ್ಲಿ ಹೆರಿಗೆಯ ಪುಸ್ತಕವಿತ್ತು. ಅದರ ಕೊನೆಯ ಹಾಳೆಯಲ್ಲಿ ಬರೆದೆ. ಅವಳು ತಲೆಯಿಂದ ಕಾಲಿನ ತನಕ ಒಂದೊಂದೇ ನೋಡಿ ಹೇಳಿದಳು. ಮೇಲಿನ ಸಾಲಿನಲ್ಲಿ ಒಂದು ಹಲ್ಲಿಗೆ ಬೆಳ್ಳಿಯ ಕಟ್ಟು. ಉಡಿದಾರದಲ್ಲಿ ಸಣ್ಣ ತಾಮ್ರದ ತಾಯಿತ. ಬಲ ಮಂಡಿಯ ಕೆಳಗೆ ಹಳೆಯ ಸುಟ್ಟ ಕಲೆ, ಹುಣಸೆ ಬೀಜದಷ್ಟು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ. ಅದನ್ನು ಹೇಳುವಾಗ ಅವಳು ಆ ಬೆರಳನ್ನು ಮುಟ್ಟಿದಳು. ಆಮೇಲೆ ಕೇದಗೆಯ ಜಾತಿಯ ಮುಂಡೇವಿನ ಪೊದೆಯ ಹತ್ತಿರ ಅವನನ್ನು ಮಣ್ಣು ಮಾಡಿ, ಅವಳೇ ಒಂದು ಕೆಂಪುಕಲ್ಲು ಹೊತ್ತು ತಂದು ತಲೆಯ ಕಡೆ ಇಟ್ಟಳು.

ಮರುದಿನ ಶೀನ ಬಸ್ಸಿನಲ್ಲಿ ಬಂದಿಳಿದ. ಇಂಜಿನ್ ಕೈಕೊಟ್ಟು ತೇಲಿ ಹೋದ ಬೋಟನ್ನು ಗಂಗೊಳ್ಳಿಯವರು ಎಳೆದು ದಡ ಸೇರಿಸಿದ್ದರು. ಕುಶಲಾ ಅವನಿಗೆ ಬೈದಳು, ಅನ್ನ ಬಡಿಸಿದಳು, ಮತ್ತೆ ಬೈದಳು. ಅದು ನನ್ನಿಂದ ಕಲಿತದ್ದಿರಬೇಕು.

ಎಂಬತ್ತೇಳರಲ್ಲಿ ನಾನು ಕಾಪು ಬಿಡುವ ತನಕ ಕಡಲಿನಲ್ಲಿ ಹೆಣ ಬಂದರೆ ಜನ ಕುಶಲಾಳನ್ನು ಕರೆಯುತ್ತಿದ್ದರು. ಅವಳು ನನ್ನನ್ನು ಕರೆಯುತ್ತಿದ್ದಳು. ಹೆರಿಗೆಯ ಪುಸ್ತಕದ ಮುಂದಿನಿಂದ ಹುಟ್ಟಿದವರು, ಹಿಂದಿನಿಂದ ಇವರು. ಒಟ್ಟು ಐದು ಮಂದಿ, ಅವರಲ್ಲಿ ಇಬ್ಬರ ಮನೆಯವರು ಸಿಕ್ಕಿದರು. ಕುಶಲಾ ಐದು ಮಂದಿಯ ಗುರುತನ್ನೂ ಬಾಯಿಪಾಠ ಮಾಡಿಕೊಂಡು, ಮೀನು ಇಳಿಯುವ ಕಡೆಯಲ್ಲೆಲ್ಲ ಹೇಳುತ್ತಿದ್ದಳು. ಲಾರಿ ಹೊರಡುವಾಗ ಬೀರಾನನನ್ನು ನಿಲ್ಲಿಸಿ ಒಪ್ಪಿಸಲು ಹೇಳುತ್ತಿದ್ದಳು. "ಗೊತ್ತುಂಟು ಕುಶಲಕ್ಕ, ಬೆಳ್ಳಿ ಹಲ್ಲು, ತಾಮ್ರದ ತಾಯಿತ, ಕಿರುಬೆರಳು," ಎಂದು ಅವನು ಲಾರಿಯ ಕಿಟಕಿಯಿಂದಲೇ ಒಪ್ಪಿಸಿ ಹೋಗುತ್ತಿದ್ದ.

ಆ ಮೊದಲನೆಯವನ ಮನೆಯವರು ಬಂದದ್ದು ನಾಲ್ಕು ತಿಂಗಳ ಮೇಲೆ. ಬೀರಾನನ ಲಾರಿಯಿಂದಲೇ ಇಳಿದರು, ಒಬ್ಬ ಮುದುಕ ಮತ್ತು ಇಪ್ಪತ್ತೈದರ ಒಬ್ಬ ಹೆಂಗಸು, ಕುಂದಾಪುರದ ಆಚೆಯವರು. ನನ್ನ ಜಗಲಿಯಲ್ಲಿ ಕೂರಿಸಿ ಪುಸ್ತಕ ತೆಗೆದೆ. ಬೆಳ್ಳಿಯ ಕಟ್ಟು ಎಂದಾಗ ಮುದುಕ ಕಣ್ಣು ಮುಚ್ಚಿದ. ತಾಯಿತ ಎಂದೆ, ಸುಟ್ಟ ಕಲೆ ಎಂದೆ. ಆ ಹೆಂಗಸು ಅಲುಗಾಡದೆ ಕೂತಿದ್ದಳು. ಎಡಗಾಲಿನ ಕಿರುಬೆರಳು ಎಂದು ತೊಡಗುವಾಗ ಕೈ ಎತ್ತಿ, "ಸಾಕು," ಎಂದಳು.

ಕುಶಲಾ ಅವಳ ಕೈ ಹಿಡಿದು ಕಡಲ ಕರೆಗೆ ಕರೆದುಕೊಂಡು ಹೋದಳು. ನಾನೂ ಮುದುಕನೂ ಹಿಂದೆ ನಡೆದೆವು. ಮಳೆಗಾಳಿಗೆ ಕದಲದಂತೆ ಕೆಂಪುಕಲ್ಲಿನ ಸುತ್ತ ಚಿಕ್ಕ ಕಲ್ಲುಗಳನ್ನು ಜೋಡಿಸಿ ಕುಶಲಾ ಅದನ್ನು ಭದ್ರ ಮಾಡಿದ್ದಳು. ಆ ಹೆಂಗಸು ಕಲ್ಲನ್ನು ನೋಡಿದಳು, ಆಚೆ ಈಚೆ ನೋಡಿದಳು, ನಂಬಬೇಕೋ ಬೇಡವೋ ತಿಳಿಯದ ಹಾಗೆ ನಿಂತೇ ಇದ್ದಳು.

"ಇದೇ ತಂಗಿ," ಎಂದಳು ಕುಶಲಾ. "ಬೇರೆ ಯಾವುದೂ ಇಲ್ಲ, ಇದೊಂದೇ. ಇಲ್ಲಿ ಕೂತು ಅಳು."

ಅವಳು ಕುಸಿದು ಕೂತಳು. ಕುಶಲಾ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅಳು ಎರಡು ದನಿಯಲ್ಲಿ ಕೇಳಿತು. ತಮ್ಮನಿಗಾಗಿ ಕುಶಲಾ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.